ತೆರೆದಿರುವ ಲಿಬ್ರೆಆಫೀಸ್ ದಾಖಲೆಯನ್ನು ಹೊರಗಿನ ಪ್ರೋಗ್ರಾಂನಿಂದ ನಿಯಂತ್ರಿಸುವುದು ಹೇಗೆ?

ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶದ ಲೆಕ್ಕಹಾಳೆ ಭಾಗವಾದ ಕ್ಯಾಲ್ಕ್‌ನಲ್ಲಿ ಹಾಳೆಯೊಂದನ್ನು ತೆರೆದಿಟ್ಟುಕೊಂಡು ಕೆಲಸ ಮಾಡುತ್ತಿರುವಾಗಲೇ ಪೈಥಾನ್ ಪ್ರೋಗ್ರಾಂ ಒಂದು ಅದೇ ಹಾಳೆಗೆ ಅಂಕಿಗಳನ್ನು ತುಂಬಬಹುದೇ, ಅದರ ಬರವಣಿಗೆಯ ಭಾಗವಾದ ರೈಟರ್‌ನಲ್ಲಿ ತೆರೆದಿರುವ ಪತ್ರದ ಫಾಂಟನ್ನು ಹೊರಗಿನಿಂದ ಬದಲಿಸಬಹುದೇ ಎಂಬ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಖಂಡಿತ ಸಾಧ್ಯ. ಆದರೆ ಕೇಳುವವರಲ್ಲಿ ಬಹಳಷ್ಟು ಮಂದಿ ಅದಾಗಲೇ ಬೇರೊಂದು ದಾರಿ ಹಿಡಿದು ಸೋತಿರುತ್ತಾರೆ. ಡಿಸ್ಕಿನಲ್ಲಿರುವ ಕಡತವನ್ನು ಪೈಥಾನ್ ಲೈಬ್ರರಿಯೊಂದರಿಂದ ತಿದ್ದಿ, ತೆರೆದ ಕಿಟಕಿಯಲ್ಲಿ ಏನೂ ಬದಲಾಗದ್ದನ್ನು ಕಂಡು, ಆಮೇಲೆ ಕಿಟಕಿಯಲ್ಲಿ ಸೇವ್ ಒತ್ತಿದಾಗ ಪ್ರೋಗ್ರಾಂ ಬರೆದದ್ದೆಲ್ಲ ಅಳಿಸಿಹೋಗಿರುತ್ತದೆ. ಡಿಸ್ಕಿನಲ್ಲಿರುವ ಕಡತ ಬೇರೆ, ಮೆಮೊರಿಯಲ್ಲಿ ತೆರೆದುಕೊಂಡಿರುವ ದಾಖಲೆ ಬೇರೆ. ಕಡತದ ಪಕ್ಕದಲ್ಲೇ ಲಿಬ್ರೆಆಫೀಸ್ ಒಂದು ಬೀಗದ ಕಡತವನ್ನು ಸೃಷ್ಟಿಸಿರುತ್ತದೆ. ಚುಕ್ಕೆ, ಅಲೆಗೆರೆ, ಲಾಕ್ ಎಂದು ಆರಂಭವಾಗುವ ಆ ಹೆಸರು ಕಂಡರೆ ಡಿಸ್ಕಿನ ಪ್ರತಿಯನ್ನು ಮುಟ್ಟಬೇಡಿ, ತೆರೆದಿರುವ ದಾಖಲೆಯೊಡನೆಯೇ ವ್ಯವಹರಿಸಿ.

ಆ ವ್ಯವಹಾರಕ್ಕೆ ಲಿಬ್ರೆಆಫೀಸ್‌ನಲ್ಲಿರುವ ವ್ಯವಸ್ಥೆಯ ಹೆಸರು ಯುನೊ. ದಾಖಲೆ, ಹಾಳೆ, ಸೆಲ್, ಪ್ಯಾರಾ ಇವೆಲ್ಲವನ್ನೂ ಹೊರಗಿನ ಪ್ರೋಗ್ರಾಂಗಳು ವಸ್ತುಗಳೆಂದು ಕಂಡು, ಅವುಗಳ ಗುಣಗಳನ್ನು ಓದಿ ಬದಲಿಸಲು ಅನುವಾಗುವಂತೆ ಇದು ಒಡ್ಡಿಕೊಡುತ್ತದೆ. ದೂರದಿಂದ ಬರುವ ಕರೆಗಳು ಯುಆರ್‌ಪಿ ಎಂಬ ನಿಯಮಾವಳಿಯ ಪ್ರಕಾರ ಸಾಗುತ್ತವೆ. ನಿಮಗೆ ಬೇಕಿರುವುದು ಹತ್ತಾರು ಕಡತಗಳನ್ನು ಪಿಡಿಎಫ್ ಮಾಡುವುದಷ್ಟೇ ಆಗಿದ್ದರೆ ಇಷ್ಟೆಲ್ಲ ಬೇಕಿಲ್ಲ. ಟರ್ಮಿನಲ್‌ನಲ್ಲಿ ಕನ್ವರ್ಟ್-ಟು ಎಂಬ ಆಯ್ಕೆಯೇ ಸಾಕು. ಯಾರೋ ಒಬ್ಬರು ಎದುರಿಗೆ ಕೂತು ನೋಡುತ್ತಿರುವ ದಾಖಲೆಯಲ್ಲೇ ಕೆಲಸ ಆಗಬೇಕೆಂದಿದ್ದರೆ ಮಾತ್ರ ಮುಂದೆ ಓದಿ.

ಒಂದು ಸೂಚನೆ: ಆಜ್ಞೆಗಳನ್ನೂ ಹೆಸರುಗಳನ್ನೂ ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಇಲ್ಲಿ ಜಾಗವಿರುವ ಕಡೆ ಬಿಟ್ಟರೆ ಬೇರೆಲ್ಲೂ ನಡುವೆ ಜಾಗ ಬಿಡದೆ ಬರೆಯಬೇಕು. ಯುನೊದಲ್ಲಿ ಮೆಥಡ್‌ಗಳ, ಅಂದರೆ ಕರೆಯಬಹುದಾದ ಕೆಲಸಗಳ, ಹೆಸರು ಸಣ್ಣಕ್ಷರದಿಂದ ಆರಂಭವಾಗುತ್ತದೆ. ಪ್ರಾಪರ್ಟಿಗಳ, ಅಂದರೆ ಗುಣಗಳ, ಹೆಸರು ದೊಡ್ಡಕ್ಷರದಿಂದ. ಎರಡರಲ್ಲೂ ನಡುವೆ ಬರುವ ಪ್ರತಿ ಪದದ ಮೊದಲಕ್ಷರ ದೊಡ್ಡದು.

ಹಂತ 1: ಸರಿಯಾದ ಪೈಥಾನ್ ಆರಿಸಿಕೊಳ್ಳಿ

ಪೈಥಾನ್‌ಗೆ ಯುನೊ ಎಂಬ ಮಾಡ್ಯೂಲ್ ಬೇಕು. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಪೈಥಾನ್3-ಯುನೊ, ಫೆಡೋರಾದಲ್ಲಿ ಲಿಬ್ರೆಆಫೀಸ್-ಪೈಯುನೊ ಎಂಬ ಪ್ಯಾಕೇಜನ್ನು ಹಾಕಿಕೊಂಡರೆ ವ್ಯವಸ್ಥೆಯ ಪೈಥಾನ್‌ಗೇ ಅದು ಸಿಗುತ್ತದೆ. ವಿಂಡೋಸ್‌ನಲ್ಲಿ ಲಿಬ್ರೆಆಫೀಸ್ ತನ್ನದೇ ಪೈಥಾನ್ ಹೊತ್ತು ತರುತ್ತದೆ, ಅದು ಅನುಸ್ಥಾಪನೆಯ ಪ್ರೋಗ್ರಾಂ ಫೋಲ್ಡರ್‌ನಲ್ಲಿರುತ್ತದೆ. ಮ್ಯಾಕ್‌ನಲ್ಲಿ ಆ್ಯಪ್‌ನೊಳಗಿನ ಕಂಟೆಂಟ್ಸ್, ಅದರೊಳಗಿನ ರಿಸೋರ್ಸಸ್ ಫೋಲ್ಡರ್‌ನಲ್ಲಿದೆ. ನಿಮ್ಮ ಪ್ರೋಗ್ರಾಂ ಅನ್ನು ಆ ಪೈಥಾನ್‌ನಿಂದಲೇ ನಡೆಸಿ. ನೀವು ಬೇರೆಯಾಗಿ ಹಾಕಿಕೊಂಡಿರುವ ಪೈಥಾನ್‌ಗೆ ಈ ಮಾಡ್ಯೂಲನ್ನು ನಕಲಿಸಿ ಅಂಟಿಸಲು ಹೋಗಬೇಡಿ, ಅದು ನಿರ್ದಿಷ್ಟ ಆವೃತ್ತಿಗೆಂದೇ ಕಂಪೈಲ್ ಆಗಿರುತ್ತದೆ.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಪೈಥಾನ್‌ನ ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಪ್ರಾಜೆಕ್ಟಿಗೆಂದೇ ಪ್ರತ್ಯೇಕವಾಗಿ ಮಾಡಿಕೊಂಡ ಪೈಥಾನ್ ಪರಿಸರ, ವ್ಯವಸ್ಥೆಯ ಪ್ಯಾಕೇಜುಗಳನ್ನು ನೋಡುವುದಿಲ್ಲ; ಅದನ್ನು ಸೃಷ್ಟಿಸುವಾಗಲೇ ಸಿಸ್ಟಮ್-ಸೈಟ್-ಪ್ಯಾಕೇಜಸ್ ಆಯ್ಕೆಯನ್ನು ಕೊಡಬೇಕು. ಇನ್ನೊಂದು, ಪ್ರಯೋಗಕ್ಕೆಂದು ಬರೆದ ನಿಮ್ಮದೇ ಕಡತಕ್ಕೆ ಯುನೊ ಎಂದು ಹೆಸರಿಡುವುದು. ಹಾಗೆ ಮಾಡಿದರೆ ಪೈಥಾನ್ ಅಸಲಿ ಮಾಡ್ಯೂಲ್ ಬಿಟ್ಟು ನಿಮ್ಮ ಕಡತವನ್ನೇ ಆಮದು ಮಾಡಿಕೊಳ್ಳುತ್ತದೆ, ಬರುವ ದೋಷ ಸಂದೇಶಕ್ಕೆ ತಲೆಬುಡ ಇರುವುದಿಲ್ಲ.

ಹಂತ 2: ಲಿಬ್ರೆಆಫೀಸ್ ಹೊರಗಿನ ಕರೆಗೆ ಕಿವಿಗೊಡುವಂತೆ ಮಾಡಿ

ಸಾಮಾನ್ಯವಾಗಿ ತೆರೆದಾಗ ಲಿಬ್ರೆಆಫೀಸ್ ಹೊರಗಿನ ಯಾವ ಪ್ರೋಗ್ರಾಂನ ಕರೆಯನ್ನೂ ಸ್ವೀಕರಿಸುವುದಿಲ್ಲ. ಟರ್ಮಿನಲ್‌ನಲ್ಲಿ ಈ ಆಜ್ಞೆ ಕೊಡಿ. ಮೊದಲ ಪದದಲ್ಲಿ ಎಸ್ ಅಕ್ಷರಕ್ಕೆ ಆಫೀಸ್ ಸೇರಿಕೊಂಡಿದೆ, ಆಕ್ಸೆಪ್ಟ್‌ಗೆ ಮೊದಲು ಎರಡು ಅಡ್ಡಗೆರೆಗಳಿವೆ. ಲೋಕಲ್‌ಹೋಸ್ಟ್ ಎಂದರೆ ಇದೇ ಯಂತ್ರ, ಪೋರ್ಟ್ ಎಂದರೆ ಹೊರಗಿನ ಕರೆಗಳು ಬಂದು ಸೇರುವ, ಸಂಖ್ಯೆಯಿಂದ ಗುರುತಿಸುವ ಬಾಗಿಲು:

ಎಸ್‌ಆಫೀಸ್ --ಆಕ್ಸೆಪ್ಟ್="ಸಾಕೆಟ್,ಹೋಸ್ಟ್=ಲೋಕಲ್‌ಹೋಸ್ಟ್,ಪೋರ್ಟ್=2002;ಯುಆರ್‌ಪಿ;"

ಲಿಬ್ರೆಆಫೀಸ್ ಅದಾಗಲೇ ತೆರೆದಿದ್ದರೂ ಚಿಂತೆಯಿಲ್ಲ. ಅದೇ ಬಳಕೆದಾರರ ಪ್ರೊಫೈಲ್‌ನಲ್ಲಿ ಎರಡನೆಯ ಬಾರಿ ಕೊಟ್ಟ ಈ ಆಜ್ಞೆ ಹೊಸದೊಂದು ಲಿಬ್ರೆಆಫೀಸ್ ಅನ್ನು ಆರಂಭಿಸದೆ, ಓಡುತ್ತಿರುವುದಕ್ಕೇ ಸಂದೇಶವನ್ನು ದಾಟಿಸಿ ತಾನು ಮುಗಿದುಹೋಗುತ್ತದೆ. ಟರ್ಮಿನಲ್ ತಕ್ಷಣ ಹಿಂದಿರುಗಿತೆಂದು ಗಾಬರಿಯಾಗಬೇಡಿ. ಕೆಲಸ ಮುಗಿದ ಮೇಲೆ ಇದೇ ಆಜ್ಞೆಯಲ್ಲಿ ಆಕ್ಸೆಪ್ಟ್ ಬದಲು ಅನ್‌ಆಕ್ಸೆಪ್ಟ್ ಎಂದು ಬರೆದು, ಸಮಚಿಹ್ನೆಯ ನಂತರ ಆಲ್ ಎಂದು ಕೊಟ್ಟರೆ ತೆರೆದ ಪೋರ್ಟುಗಳೆಲ್ಲ ಮುಚ್ಚುತ್ತವೆ.

ಉದ್ಧರಣ ಚಿಹ್ನೆಗಳು ಅಲಂಕಾರಕ್ಕಲ್ಲ. ಟರ್ಮಿನಲ್‌ಗೆ ಅರ್ಧವಿರಾಮ ಎಂದರೆ ಒಂದು ಆಜ್ಞೆ ಮುಗಿದು ಇನ್ನೊಂದು ಆರಂಭವಾಯಿತು ಎಂದರ್ಥ. ಚಿಹ್ನೆಗಳಿಲ್ಲದಿದ್ದರೆ ಅರ್ಧ ವಾಕ್ಯ ಮಾತ್ರ ಲಿಬ್ರೆಆಫೀಸ್‌ಗೆ ತಲುಪುತ್ತದೆ, ಉಳಿದರ್ಧವನ್ನು ಟರ್ಮಿನಲ್ ಬೇರೆ ಆಜ್ಞೆಯೆಂದು ಹುಡುಕುತ್ತದೆ. ಅಂತರ್ಜಾಲದಿಂದ ನಕಲಿಸಿದ ಸಾಲಿನಲ್ಲಿ ಬಾಗಿದ ಉದ್ಧರಣ ಚಿಹ್ನೆಗಳಿದ್ದರೆ ಅವನ್ನೂ ನೆಟ್ಟಗಿನವಕ್ಕೆ ಬದಲಿಸಿಕೊಳ್ಳಿ. ಆಕ್ಸೆಪ್ಟ್ ಮುಂದೆ ಒಂದೇ ಅಡ್ಡಗೆರೆ ಇರುವ ಉದಾಹರಣೆಗಳು ಓಪನ್‌ಆಫೀಸ್ ಕಾಲದವು.

ಈ ಪೋರ್ಟ್‌ಗೆ ಪಾಸ್‌ವರ್ಡ್ ಇಲ್ಲ, ಮತ್ತು ಈ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಇದು. ಅದನ್ನು ತಲುಪಬಲ್ಲ ಯಾವುದೇ ಪ್ರೋಗ್ರಾಂ ನಿಮ್ಮ ಹೆಸರಿನಲ್ಲಿ ಕಡತಗಳನ್ನು ತೆರೆಯಬಹುದು, ಬರೆಯಬಹುದು, ಮೇಲೆ ಬರೆದು ಹಾಳೂ ಮಾಡಬಹುದು. ಹೋಸ್ಟ್ ಎಂಬಲ್ಲಿ ಲೋಕಲ್‌ಹೋಸ್ಟ್ ಬದಲು 0.0.0.0 ಎಂದು ಬರೆಯುವ ಸಲಹೆ ಕೆಲವೆಡೆ ಕಾಣಸಿಗುತ್ತದೆ. ಅದರಿಂದ ಕಚೇರಿಯ ಜಾಲದಲ್ಲಿರುವ ಪ್ರತಿ ಯಂತ್ರಕ್ಕೂ ನಿಮ್ಮ ದಾಖಲೆಗಳನ್ನು ಒಪ್ಪಿಸಿದಂತಾಗುತ್ತದೆ. ಹಲವರು ಲಾಗಿನ್ ಆಗುವ ಯಂತ್ರದಲ್ಲಿ ಲೋಕಲ್‌ಹೋಸ್ಟ್ ಕೂಡ ಇತರ ಬಳಕೆದಾರರಿಗೆ ಎಟುಕುತ್ತದೆ ಎಂಬುದು ನೆನಪಿರಲಿ. ಅಂಥಲ್ಲಿ ಸಾಕೆಟ್ ಬದಲು ಪೈಪ್ ಎಂದೂ, ಪೋರ್ಟ್ ಬದಲು ನೇಮ್ ಎಂದು ಬರೆದು ನೀವೇ ಇಟ್ಟ ಹೆಸರನ್ನೂ ಕೊಡುವುದು ಮೇಲು. ಪೈಪ್, ಅಂದರೆ ಒಂದೇ ಯಂತ್ರದೊಳಗಿನ ಪ್ರೋಗ್ರಾಂಗಳ ನಡುವಿನ ಸಂಪರ್ಕದ ಕೊಳವೆ, ಜಾಲಕ್ಕೆ ಕಾಣುವುದೇ ಇಲ್ಲ.

ಹಂತ 3: ಪೋರ್ಟ್ ತೆರೆದಿದೆಯೇ ನೋಡಿ

ಲಿನಕ್ಸ್‌ನಲ್ಲಿ ಎಸ್‌ಎಸ್ ಆಜ್ಞೆಗೆ ಎಲ್, ಟಿ, ಎನ್ ಎಂಬ ಮೂರು ಸಣ್ಣಕ್ಷರಗಳ ಆಯ್ಕೆಯನ್ನು ಕೊಟ್ಟು, ವಿಂಡೋಸ್‌ನಲ್ಲಿ ನೆಟ್‌ಸ್ಟ್ಯಾಟ್ ಆಜ್ಞೆಗೆ ಎ, ಎನ್ ಕೊಟ್ಟು ನೋಡಿದರೆ 2002 ಸಂಖ್ಯೆ ಪಟ್ಟಿಯಲ್ಲಿರಬೇಕು. ಈ ಸಂಖ್ಯೆಗೆ ವಿಶೇಷ ಮಹತ್ವವಿಲ್ಲ, ಉದಾಹರಣೆಗಳಲ್ಲಿ ರೂಢಿಯಾಗಿ ಬಂದಿದೆ ಅಷ್ಟೆ. ಬೇರೆ ಪ್ರೋಗ್ರಾಂ ಅದನ್ನು ಹಿಡಿದಿದ್ದರೆ ಇನ್ನೊಂದನ್ನು ಆರಿಸಿ.

ಹಂತ 4: ಪೈಥಾನ್‌ನಿಂದ ಸಂಪರ್ಕಿಸಿ

ಇಲ್ಲಿ ನಾಲ್ಕು ಸಾಲುಗಳಿವೆ, ಅವುಗಳ ಕ್ರಮ ಅರ್ಥವಾದರೆ ಉಳಿದದ್ದು ಸಲೀಸು. ಮೊದಲು ಯುನೊ ಮಾಡ್ಯೂಲ್‌ನ ಗೆಟ್‌ಕಾಂಪೊನೆಂಟ್‌ಕಾಂಟೆಕ್ಸ್ಟ್ ಕರೆದು ನಿಮ್ಮ ಪೈಥಾನ್ ಕಡೆಯ ಸಂದರ್ಭವನ್ನು ಪಡೆಯಿರಿ. ಸಂದರ್ಭ ಎಂದರೆ ಸೇವೆಗಳನ್ನು ಸೃಷ್ಟಿಸಿಕೊಳ್ಳುವ ಆರಂಭದ ನೆಲೆ. ಎರಡನೆಯದಾಗಿ ಅದರ ಸರ್ವಿಸ್‌ಮ್ಯಾನೇಜರ್ ಮೂಲಕ ಕಾಮ್.ಸನ್.ಸ್ಟಾರ್.ಬ್ರಿಡ್ಜ್.ಯುನೊಯುಆರ್‌ಎಲ್‌ರಿಸಾಲ್ವರ್ ಎಂಬ ಸೇವೆಯನ್ನು ಸೃಷ್ಟಿಸಿ. ಇದರ ಕೆಲಸ ವಿಳಾಸ ಕೊಟ್ಟರೆ ಅಲ್ಲಿಗೆ ತಲುಪಿಸುವುದು. ಇಲ್ಲಿ ಬರುವ ಯುಆರ್‌ಎಲ್‌ನಲ್ಲಿ ಯು ಮಾತ್ರ ದೊಡ್ಡಕ್ಷರ, ಆರ್ ಮತ್ತು ಎಲ್ ಸಣ್ಣವು. ಮೂರನೆಯದಾಗಿ ಅದರ ರಿಸಾಲ್ವ್ ಮೆಥಡ್‌ಗೆ ಈ ವಿಳಾಸ ಕೊಡಿ:

ಯುನೊ:ಸಾಕೆಟ್,ಹೋಸ್ಟ್=ಲೋಕಲ್‌ಹೋಸ್ಟ್,ಪೋರ್ಟ್=2002;ಯುಆರ್‌ಪಿ;ಸ್ಟಾರ್‌ಆಫೀಸ್.ಕಾಂಪೊನೆಂಟ್‌ಕಾಂಟೆಕ್ಸ್ಟ್

ಕೈಗೆ ಬರುವುದು ಲಿಬ್ರೆಆಫೀಸ್ ಕಡೆಯ ಸಂದರ್ಭ. ನಾಲ್ಕನೆಯದಾಗಿ ಅದರ ಸರ್ವಿಸ್‌ಮ್ಯಾನೇಜರ್‌ನಿಂದ ಕಾಮ್.ಸನ್.ಸ್ಟಾರ್.ಫ್ರೇಮ್.ಡೆಸ್ಕ್‌ಟಾಪ್ ಸೃಷ್ಟಿಸಿದರೆ ತೆರೆದಿರುವ ಎಲ್ಲ ದಾಖಲೆಗಳಿಗೂ ದಾರಿ ಸಿಕ್ಕಂತೆ. ವಿಳಾಸದಲ್ಲಿ ಸ್ಟಾರ್‌ಆಫೀಸ್, ಸನ್ ಎಂಬ ಹೆಸರುಗಳು ಏಕೆಂದು ಹಲವರು ಕೇಳುತ್ತಾರೆ: ಜರ್ಮನಿಯ ಸ್ಟಾರ್ ಡಿವಿಷನ್ ಕಂಪನಿಯ ಸ್ಟಾರ್‌ಆಫೀಸನ್ನು 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕೊಂಡುಕೊಂಡಿತು, ಅದರಿಂದ ಓಪನ್‌ಆಫೀಸ್ ಹುಟ್ಟಿತು, 2010ರಲ್ಲಿ ಲಿಬ್ರೆಆಫೀಸ್ ಅಲ್ಲಿಂದ ಕವಲೊಡೆಯಿತು. ಹಳೆಯ ಪ್ರೋಗ್ರಾಂಗಳು ಮುರಿಯಬಾರದೆಂದು ಹೆಸರುಗಳು ಹಾಗೇ ಉಳಿದಿವೆ. ಅವನ್ನು ಆಧುನೀಕರಿಸಲು ಹೋಗಬೇಡಿ.

ನೋಕನೆಕ್ಟ್‌ಎಕ್ಸೆಪ್ಶನ್ ಎಂಬ ದೋಷ ಬಂದರೆ ಪೋರ್ಟ್ ತೆರೆದಿಲ್ಲ, ಇಲ್ಲವೇ ಇನ್ನೂ ತೆರೆದುಕೊಳ್ಳುತ್ತಿದೆ ಎಂದರ್ಥ. ನಿಮ್ಮ ಪ್ರೋಗ್ರಾಂ ತಾನೇ ಲಿಬ್ರೆಆಫೀಸನ್ನು ಆರಂಭಿಸಿ ಮರುಕ್ಷಣವೇ ಸಂಪರ್ಕಕ್ಕೆ ಕೈಚಾಚಿದರೆ ಈ ದೋಷ ಬಹುಮಟ್ಟಿಗೆ ಖಚಿತ. ಇಷ್ಟು ಸೆಕೆಂಡು ಕಾಯಿರಿ ಎಂದು ಲೆಕ್ಕ ಕಟ್ಟಿ ಬರೆಯುವುದಕ್ಕಿಂತ, ಅರ್ಧ ಸೆಕೆಂಡಿಗೊಮ್ಮೆ ಪ್ರಯತ್ನಿಸಿ ಒಂದು ಮಿತಿಯ ನಂತರ ಕೈಬಿಡುವ ಲೂಪ್ ಬರೆಯಿರಿ. ಹಳೆಯ ಯಂತ್ರದಲ್ಲಿ ಮೊದಲ ಬಾರಿ ತೆರೆಯುವಾಗ ತಡವಾಗುವುದು ಸಹಜ.

ಹಂತ 5: ಸರಿಯಾದ ದಾಖಲೆಯನ್ನು ಗುರುತಿಸಿ

ಡೆಸ್ಕ್‌ಟಾಪ್‌ನ ಗೆಟ್‌ಕರೆಂಟ್‌ಕಾಂಪೊನೆಂಟ್ ಕರೆದರೆ ಸದ್ಯ ಮುಂದಿರುವ ದಾಖಲೆ ಸಿಗುತ್ತದೆ ಎಂದು ಎಲ್ಲ ಉದಾಹರಣೆಗಳೂ ಹೇಳುತ್ತವೆ. ನಾನು ಅದನ್ನು ನೆಚ್ಚುವುದಿಲ್ಲ. ಪ್ರೋಗ್ರಾಂ ಓಡುತ್ತಿರುವಾಗ ಬಳಕೆದಾರರು ಬೇರೊಂದು ಕಿಟಕಿಗೆ ಹೋದರೆ ನಿಮ್ಮ ಸಂಬಳದ ಪಟ್ಟಿ ಅವರ ಮದುವೆಯ ಖರ್ಚಿನ ಹಾಳೆಯ ಮೇಲೆ ಬೀಳಬಹುದು. ಗೆಟ್‌ಕಾಂಪೊನೆಂಟ್ಸ್ ಮೂಲಕ ತೆರೆದಿರುವ ಎಲ್ಲವನ್ನೂ ಒಂದೊಂದಾಗಿ ನೋಡಿ, ಯುಆರ್‌ಎಲ್ ಪ್ರಾಪರ್ಟಿ ನಿಮಗೆ ಬೇಕಾದ ಕಡತದ್ದೇ ಎಂದು ಹೋಲಿಸಿ ಆರಿಸಿಕೊಳ್ಳಿ. ಜೊತೆಗೆ ಸಪೋರ್ಟ್ಸ್‌ಸರ್ವಿಸ್ ಮೆಥಡ್‌ನಿಂದ ಅದು ಹಾಳೆಯೋ ಪತ್ರವೋ ಎಂದೂ ಖಚಿತಪಡಿಸಿಕೊಳ್ಳಿ. ಆ ಪಟ್ಟಿಯಲ್ಲಿ ದಾಖಲೆಗಳಲ್ಲದ ಕಿಟಕಿಗಳೂ ಬರಬಹುದು, ಅವಕ್ಕೆ ಯುಆರ್‌ಎಲ್ ಇರುತ್ತದೆಂದು ಭಾವಿಸಬೇಡಿ.

ಹೋಲಿಸುವಾಗ ಕಡತದ ಹೆಸರು ಕನ್ನಡದಲ್ಲಿದ್ದರೆ ಎಚ್ಚರ. ಯುನೊಗೆ ಬೇಕಿರುವುದು ಮೂರು ಓರೆಗೆರೆಗಳಿಂದ ಆರಂಭವಾಗುವ ಫೈಲ್ ವಿಳಾಸ, ಅದರಲ್ಲಿ ಕನ್ನಡ ಅಕ್ಷರಗಳು ಶೇಕಡಾ ಚಿಹ್ನೆ ಮತ್ತು ಅಂಕಿಅಕ್ಷರಗಳ ಸಂಕೇತವಾಗಿ ಮಾರ್ಪಟ್ಟಿರುತ್ತವೆ. ಕೈಯಿಂದ ಕಟ್ಟದೆ ಯುನೊ ಮಾಡ್ಯೂಲ್‌ನ ಸಿಸ್ಟಮ್‌ಪಾತ್‌ಟುಫೈಲ್‌ಯುಆರ್‌ಎಲ್‌ಗೆ ಪೂರ್ಣ ದಾರಿ ಕೊಟ್ಟು ಬಂದದ್ದನ್ನು ಬಳಸಿ.

ಹಂತ 6: ಕ್ಯಾಲ್ಕ್ ಹಾಳೆಗೆ ಬರೆಯಿರಿ

ದಾಖಲೆಯ ಶೀಟ್ಸ್‌ನಿಂದ ಹೆಸರಿನ ಮೂಲಕ ಹಾಳೆ ಪಡೆದು, ಗೆಟ್‌ಸೆಲ್‌ರೇಂಜ್‌ಬೈನೇಮ್‌ಗೆ ಬಿ3 ಎಂಬಂಥ ಹೆಸರು ಕೊಟ್ಟರೆ ಆ ಸೆಲ್ ಸಿಗುತ್ತದೆ. ಗೆಟ್‌ಸೆಲ್‌ಬೈಪೊಸಿಷನ್ ಕೂಡ ಇದೆ, ಆದರೆ ಅದು ಮೊದಲು ಕಾಲಂ, ಆಮೇಲೆ ಸಾಲು ಕೇಳುತ್ತದೆ, ಎಣಿಕೆಯೂ ಸೊನ್ನೆಯಿಂದ. ಬಿ3 ಎಂಬುದು ಅಲ್ಲಿ 1, 2 ಆಗುತ್ತದೆ.

ಸೆಲ್‌ನ ವ್ಯಾಲ್ಯೂ, ಸ್ಟ್ರಿಂಗ್, ಫಾರ್ಮುಲಾ ಎಂಬ ಮೂರು ಪ್ರಾಪರ್ಟಿಗಳನ್ನು ಬೆರೆಸಬೇಡಿ. ಅಂಕಿಯನ್ನು ಸ್ಟ್ರಿಂಗ್‌ಗೆ ಹಾಕಿದರೆ ಅದು ಅಕ್ಷರಮಾಲೆಯಾಗಿ ಕೂರುತ್ತದೆ, ಕೆಳಗಿನ ಮೊತ್ತ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಿಮ್ಮ ಮೂಲದಲ್ಲಿ ಅಂಕಿಗಳು ೧೨೫೦ ಎಂದು ಕನ್ನಡದಲ್ಲಿದ್ದರೆ ಪೈಥಾನ್‌ನ ಇಂಟ್ ಮತ್ತು ಫ್ಲೋಟ್ ಅವನ್ನು ನೇರವಾಗಿ ಸಂಖ್ಯೆಯಾಗಿ ಓದಬಲ್ಲವು, ಪ್ರತ್ಯೇಕ ಪರಿವರ್ತಕ ಬರೆಯಬೇಕಿಲ್ಲ. ಫಾರ್ಮುಲಾಕ್ಕೆ ಪರದೆಯ ಭಾಷೆ ಯಾವುದೇ ಇರಲಿ, ಫಂಕ್ಷನ್‌ಗಳ ಇಂಗ್ಲಿಷ್ ಹೆಸರನ್ನೇ ಕೊಡಬೇಕು, ನಡುವೆ ಅಲ್ಪವಿರಾಮದ ಬದಲು ಅರ್ಧವಿರಾಮ ಹಾಕಬೇಕು. ದಿನಾಂಕವನ್ನು ಪೈಥಾನ್‌ನ ದಿನಾಂಕ ವಸ್ತುವಾಗಿ ಕಳಿಸಲಾಗದು. ಪೂರ್ವನಿಯೋಜಿತ ಹೊಂದಿಕೆಯಲ್ಲಿ 30 ಡಿಸೆಂಬರ್ 1899ರಿಂದ ಎಣಿಸಿದ ದಿನಗಳ ಸಂಖ್ಯೆಯಾಗಿ ವ್ಯಾಲ್ಯೂಗೆ ಹಾಕಿ, ಸೆಲ್‌ಗೆ ದಿನಾಂಕದ ರೂಪ ಕೊಡಿ.

ಸಾವಿರ ಸಾಲುಗಳನ್ನು ಒಂದೊಂದೇ ಸೆಲ್ ಆಗಿ ಬರೆದರೆ ಆಮೆಯ ನಡಿಗೆಯಾಗುತ್ತದೆ, ಏಕೆಂದರೆ ಪ್ರತಿ ಕರೆಯೂ ಸಾಕೆಟ್ ದಾಟಿ ಹೋಗಿ ಉತ್ತರ ಹೊತ್ತು ಬರಬೇಕು. ಇಡೀ ವ್ಯಾಪ್ತಿಯನ್ನು ಒಂದೇ ಸೆಟ್‌ಡೇಟಾಅರೇ ಕರೆಯಲ್ಲಿ ಕಳಿಸಿ. ಅದು ಪೈಥಾನ್ ಲಿಸ್ಟ್ ಒಪ್ಪುತ್ತದೆಂದು ನಂಬದೆ ಟ್ಯೂಪಲ್‌ಗಳ ಟ್ಯೂಪಲ್ ಕೊಡಿ. ಸಾಲು ಮತ್ತು ಕಾಲಂಗಳ ಸಂಖ್ಯೆ ಆಯ್ದ ವ್ಯಾಪ್ತಿಗೆ ಸರಿಯಾಗಿ ಹೊಂದಬೇಕು. ಖಾಲಿ ಬಿಡಬೇಕಾದಲ್ಲಿ ಖಾಲಿ ಸ್ಟ್ರಿಂಗ್ ಇಡಿ. ಫೋನ್ ಸಂಖ್ಯೆಯಂಥವನ್ನು ಸ್ಟ್ರಿಂಗ್ ಆಗಿಯೇ ಕಳಿಸಿ, ಇಲ್ಲವಾದರೆ ಮೊದಲ ಸೊನ್ನೆ ಹಾರಿಹೋಗುತ್ತದೆ.

ಎದುರಿಗೆ ಕೂತವರ ಬಗ್ಗೆಯೂ ಯೋಚಿಸಬೇಕು. ಅವರು ಸೆಲ್ ಒಂದರಲ್ಲಿ ಟೈಪ್ ಮಾಡುತ್ತಿರುವಾಗ ನೀವು ಅಲ್ಲಿಗೇ ಬರೆದರೆ, ಅವರು ಎಂಟರ್ ಒತ್ತಿದೊಡನೆ ನಿಮ್ಮದು ಅಳಿಯುತ್ತದೆ. ಬರೆಯುವ ಮುನ್ನ ದಾಖಲೆಯ ಅನ್‌ಡೂಮ್ಯಾನೇಜರ್‌ನ ಎಂಟರ್‌ಅನ್‌ಡೂಕಾಂಟೆಕ್ಸ್ಟ್‌ಗೆ "ಹಾಜರಿ ತುಂಬುವಿಕೆ" ಎಂಬಂಥ ಒಂದು ಶೀರ್ಷಿಕೆ ಕೊಟ್ಟು, ಮುಗಿದ ಮೇಲೆ ಲೀವ್‌ಅನ್‌ಡೂಕಾಂಟೆಕ್ಸ್ಟ್ ಕರೆದರೆ ನೀವು ಮಾಡಿದ್ದಷ್ಟೂ ಅನ್‌ಡೂ ಪಟ್ಟಿಯಲ್ಲಿ ಒಂದೇ ಹೆಜ್ಜೆಯಾಗಿ ಕಾಣುತ್ತದೆ, ಬೇಡವೆಂದವರು ಕಂಟ್ರೋಲ್ ಮತ್ತು ಝಡ್ ಒಮ್ಮೆ ಒತ್ತಿದರೆ ಸಾಕು. ಇದನ್ನು ಬಹುತೇಕ ಉದಾಹರಣೆಗಳು ಬಿಟ್ಟುಬಿಡುತ್ತವೆ, ನನ್ನ ಅಭಿಪ್ರಾಯದಲ್ಲಿ ಇದು ಐಚ್ಛಿಕವಲ್ಲ. ಪರದೆ ಮಿನುಗದಿರಲು ಲಾಕ್‌ಕಂಟ್ರೋಲರ್ಸ್ ಬಳಸುವುದಾದರೆ ಅನ್‌ಲಾಕ್‌ಕಂಟ್ರೋಲರ್ಸ್ ಅನ್ನು ಫೈನಲಿ ಭಾಗದಲ್ಲೇ ಇಡಿ. ನಡುವೆ ದೋಷ ಬಂದು ಅದು ತಪ್ಪಿದರೆ ಬಳಕೆದಾರರ ಪರದೆ ಹೆಪ್ಪುಗಟ್ಟಿದಂತೆ ನಿಂತುಬಿಡುತ್ತದೆ.

ಹಂತ 7: ರೈಟರ್‌ನಲ್ಲಿ ಕನ್ನಡ ಪಠ್ಯ

ಫಾಂಟ್ ಬದಲಿಸಿದೆ, ದೋಷವೇನೂ ಬರಲಿಲ್ಲ, ಆದರೂ ಕನ್ನಡ ಅಕ್ಷರಗಳು ಮೊದಲಿನಂತೆಯೇ ಇವೆ ಎಂಬ ದೂರಿಗೆ ಕಾರಣ ಇಲ್ಲಿದೆ. ಲಿಬ್ರೆಆಫೀಸ್ ಪಠ್ಯವನ್ನು ಮೂರು ಗುಂಪುಗಳಾಗಿ ನೋಡುತ್ತದೆ: ಪಾಶ್ಚಾತ್ಯ, ಏಷ್ಯನ್, ಮತ್ತು ಸಂಕೀರ್ಣ ಲಿಪಿಗಳು. ಏಷ್ಯನ್ ಎಂದರೆ ಅಲ್ಲಿ ಚೀನಿ, ಜಪಾನಿ, ಕೊರಿಯನ್ ಮಾತ್ರ. ಒತ್ತಕ್ಷರ, ಗುಣಿತಾಕ್ಷರಗಳಿರುವ ಕನ್ನಡ ಸಂಕೀರ್ಣ ಗುಂಪಿಗೆ ಸೇರುತ್ತದೆ. ಪ್ರತಿ ಗುಂಪಿಗೂ ಬೇರೆ ಬೇರೆ ಪ್ರಾಪರ್ಟಿಗಳಿವೆ. ಚಾರ್‌ಫಾಂಟ್‌ನೇಮ್ ಬದಲಿಸಿದರೆ ಇಂಗ್ಲಿಷ್ ಅಕ್ಷರಗಳ ಫಾಂಟ್ ಮಾತ್ರ ಬದಲಾಗುತ್ತದೆ. ಕನ್ನಡಕ್ಕೆ ಬೇಕಿರುವುದು ಚಾರ್‌ಫಾಂಟ್‌ನೇಮ್‌ಕಾಂಪ್ಲೆಕ್ಸ್. ಗಾತ್ರಕ್ಕೆ ಚಾರ್‌ಹೈಟ್‌ಕಾಂಪ್ಲೆಕ್ಸ್, ದಪ್ಪಕ್ಕೆ ಚಾರ್‌ವೇಟ್‌ಕಾಂಪ್ಲೆಕ್ಸ್ ಇದ್ದು, ಬೋಲ್ಡ್ ಬೇಕೆಂದರೆ ಅದರ ಬೆಲೆ 150. ಕಾಗುಣಿತ ಪರೀಕ್ಷಕ ಪಠ್ಯವನ್ನು ಕನ್ನಡವೆಂದು ಗುರುತಿಸಬೇಕಾದರೆ ಚಾರ್‌ಲೊಕೇಲ್‌ಕಾಂಪ್ಲೆಕ್ಸ್‌ಗೆ ಕೆಎನ್ ಎಂಬ ಭಾಷಾ ಸಂಕೇತವನ್ನೂ ಐಎನ್ ಎಂಬ ದೇಶ ಸಂಕೇತವನ್ನೂ ಕೊಡಿ. ಕ್ಯಾಲ್ಕ್ ಸೆಲ್‌ಗಳಿಗೂ ಇದೇ ನಿಯಮ.

ಹಳೆಯ ನುಡಿ ಅಥವಾ ಬರಹ ಫಾಂಟುಗಳಲ್ಲಿ ಟೈಪಾಗಿರುವ ಕಡತಗಳಲ್ಲಿ ಇದು ತಿರುಗುಮುರುಗಾಗುತ್ತದೆ. ಅಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಒಳಗಿರುವುದು ಇಂಗ್ಲಿಷ್ ಹಾಗೂ ಲ್ಯಾಟಿನ್ ಸಂಕೇತಗಳು. ನುಡಿ 01 ಇ ಅಥವಾ ಬಿಆರ್‌ಎಚ್ ಕನ್ನಡ ಫಾಂಟ್ ಅವುಗಳಿಗೆ ಕನ್ನಡದ ಆಕಾರ ತೊಡಿಸಿರುತ್ತದೆ. ಹಾಗಾಗಿ ಆ ಫಾಂಟಿನ ಹೆಸರು ಚಾರ್‌ಫಾಂಟ್‌ನೇಮ್‌ನಲ್ಲೇ ಇರುತ್ತದೆ, ಮತ್ತು ತೆರೆದ ದಾಖಲೆಯಲ್ಲಿ ಯೂನಿಕೋಡ್‌ಗೆ ಬದಲಿಸಬೇಕಾದ ತುಣುಕು ಯಾವುದು, ನಿಜವಾದ ಇಂಗ್ಲಿಷ್ ಯಾವುದು ಎಂದು ನಿಮ್ಮ ಪ್ರೋಗ್ರಾಂ ತಿಳಿಯುವ ದಾರಿಯೂ ಅದೇ. ಪಠ್ಯದ ಕ್ರಿಯೇಟ್‌ಎನ್ಯುಮರೇಷನ್ ಕರೆದು ಪ್ಯಾರಾಗಳನ್ನೂ, ಪ್ರತಿ ಪ್ಯಾರಾದ ಮೇಲೆ ಅದನ್ನೇ ಮತ್ತೆ ಕರೆದು ಪೋರ್ಷನ್‌ಗಳನ್ನೂ, ಅಂದರೆ ಒಂದೇ ಬಗೆಯ ರೂಪವಿರುವ ತುಣುಕುಗಳನ್ನೂ ಪಡೆಯಬಹುದು. ಬದಲಿಸಬೇಕಾದವನ್ನು ಮೊದಲು ಒಂದು ಪಟ್ಟಿಯಲ್ಲಿ ಸಂಗ್ರಹಿಸಿ, ಆಮೇಲೆ ಕೊನೆಯಿಂದ ಮೊದಲಿಗೆ ಬದಲಿಸುತ್ತ ಬನ್ನಿ. ನಡೆಯುತ್ತಿರುವ ಎಣಿಕೆಯ ಮಧ್ಯೆ ಪಠ್ಯ ಬದಲಿಸಿದರೆ ಎಣಿಕೆ ದಾರಿ ತಪ್ಪಬಹುದು. ಬದಲಿಸಿದ ತುಣುಕಿಗೆ ಎರಡೂ ಫಾಂಟ್ ಪ್ರಾಪರ್ಟಿಗಳನ್ನು ಹೊಸದಾಗಿ ಕೊಡಿ. ಚಾರ್‌ಫಾಂಟ್‌ನೇಮ್‌ನಲ್ಲಿ ಹಳೆಯ ನುಡಿ ಫಾಂಟ್ ಉಳಿದರೆ, ಮುಂದೆ ಅಲ್ಲಿ ಯಾರಾದರೂ ಒಂದು ಇಂಗ್ಲಿಷ್ ಪದ ಟೈಪ್ ಮಾಡಿದಾಗ ಅರ್ಥವಿಲ್ಲದ ಕನ್ನಡ ಅಕ್ಷರಗಳು ಮೂಡುತ್ತವೆ. ಕೋಷ್ಟಕಗಳು ಪ್ಯಾರಾಗಳ ಎಣಿಕೆಯಲ್ಲಿ ಪ್ಯಾರಾಗಳಾಗಿ ಬರುವುದಿಲ್ಲ. ಅವುಗಳ ಪ್ರತಿ ಸೆಲ್‌ನೊಳಗೆ ಪ್ರತ್ಯೇಕವಾಗಿ ಇಳಿಯಬೇಕು. ಸರ್ಕಾರಿ ನಮೂನೆಗಳಲ್ಲಿ ಪಠ್ಯದ ಬಹುಪಾಲು ಕೋಷ್ಟಕದೊಳಗೇ ಇರುವುದರಿಂದ ಇದನ್ನು ಮರೆತರೆ ಪರಿವರ್ತನೆ ನಡೆದೇ ಇಲ್ಲವೇನೋ ಎಂಬಂತೆ ಕಾಣುತ್ತದೆ.

ಪ್ರಾಪರ್ಟಿಗಳ ಹೆಸರು ಬಾಯಿಪಾಠ ಬೇಕಿಲ್ಲ. 7.2 ಆವೃತ್ತಿಯಿಂದ ಟೂಲ್ಸ್ ಮೆನುವಿನಲ್ಲಿ ಡೆವಲಪ್‌ಮೆಂಟ್ ಟೂಲ್ಸ್ ಇದೆ; ಅದನ್ನು ತೆರೆದು ದಾಖಲೆಯ ಯಾವುದೇ ಭಾಗವನ್ನು ಆರಿಸಿದರೆ ಅದರ ಪ್ರಾಪರ್ಟಿಗಳೂ ಮೆಥಡ್‌ಗಳೂ ಸದ್ಯದ ಬೆಲೆಗಳೊಂದಿಗೆ ಕಾಣುತ್ತವೆ.

ಹಂತ 8: ಉಳಿಸುವುದು, ಬಿಟ್ಟುಬರುವುದು

ಸ್ಟೋರ್ ಕರೆಯುವ ಮುನ್ನ ಹ್ಯಾಸ್‌ಲೊಕೇಶನ್ ಕೇಳಿ, ಒಮ್ಮೆಯೂ ಸೇವ್ ಆಗದ ದಾಖಲೆಗೆ ಉಳಿಯಲು ಜಾಗವೇ ಇರುವುದಿಲ್ಲ. ಪ್ರತಿ ಅಥವಾ ಪಿಡಿಎಫ್ ಬೇಕಾದರೆ ಸ್ಟೋರ್‌ಟುಯುಆರ್‌ಎಲ್ ಬಳಸಿ. ಪಿಡಿಎಫ್‌ಗೆ ಫಿಲ್ಟರ್‌ನೇಮ್ ಆಗಿ ಕ್ಯಾಲ್ಕ್_ಪಿಡಿಎಫ್_ಎಕ್ಸ್‌ಪೋರ್ಟ್ ಅಥವಾ ರೈಟರ್_ಪಿಡಿಎಫ್_ಎಕ್ಸ್‌ಪೋರ್ಟ್ ಕೊಡಬೇಕು, ಇದರಲ್ಲಿ ಎಕ್ಸ್‌ಪೋರ್ಟ್‌ನ ಮೊದಲಕ್ಷರ ಮಾತ್ರ ದೊಡ್ಡದು. ಪ್ರತಿ ಉಳಿಸುವಾಗ ಸ್ಟೋರ್‌ಟುಯುಆರ್‌ಎಲ್ ಬದಲು ಸ್ಟೋರ್‌ಆ್ಯಸ್‌ಯುಆರ್‌ಎಲ್ ಎಂದು ಬರೆದರೆ ತೆರೆದ ಕಿಟಕಿಯೇ ಹೊಸ ಹೆಸರಿಗೆ ವರ್ಗವಾಗಿ, ಬಳಕೆದಾರರು ಅಲ್ಲಿಂದ ಮುಂದೆ ಸೇವ್ ಮಾಡಿದ್ದೆಲ್ಲ ಆ ಹೊಸ ಕಡತಕ್ಕೆ ಹೋಗುತ್ತದೆ. ಅದೇ ಹೆಸರಿನ ಕಡತ ಮೊದಲೇ ಇದ್ದರೆ ಅದನ್ನು ಅಳಿಸಿ ಬರೆಯಲೇ ಎಂದು ಯಾರೂ ಕೇಳುವುದಿಲ್ಲ. ಆ ಪರೀಕ್ಷೆ ನಿಮ್ಮ ಪ್ರೋಗ್ರಾಂನ ಹೊಣೆ.

ನೀವು ತೆರೆಯದ ದಾಖಲೆಯ ಮೇಲೆ ಕ್ಲೋಸ್ ಕರೆಯಬೇಡಿ. ಡೆಸ್ಕ್‌ಟಾಪ್‌ನ ಟರ್ಮಿನೇಟ್ ಇಡೀ ಲಿಬ್ರೆಆಫೀಸನ್ನೇ ಮುಚ್ಚಲು ಹೊರಡುತ್ತದೆ. ನಿಮ್ಮದೇ ಪ್ರತ್ಯೇಕ ಪ್ರೊಫೈಲ್‌ನಲ್ಲಿ ಹೆಡ್‌ಲೆಸ್ ಆಗಿ, ಅಂದರೆ ಕಿಟಕಿಯಿಲ್ಲದೆ, ನೀವೇ ಆರಂಭಿಸಿದ್ದಾದರೆ ಮಾತ್ರ ಅದನ್ನು ಬಳಸಬಹುದು. ಪ್ರೋಗ್ರಾಂ ಓಡುತ್ತಿರುವಾಗ ಬಳಕೆದಾರರೇ ಕಿಟಕಿ ಮುಚ್ಚಿದರೆ ಡಿಸ್ಪೋಸ್ಡ್‌ಎಕ್ಸೆಪ್ಶನ್ ಬರುತ್ತದೆ. ಅದು ನಿಮ್ಮ ಪ್ರೋಗ್ರಾಂನ ತಪ್ಪಲ್ಲ. ಅದನ್ನು ಹಿಡಿದು, ಎಷ್ಟನೆಯ ಸಾಲಿನವರೆಗೆ ಬರೆದಾಗಿತ್ತು ಎಂದು ದಾಖಲಿಸಿ, ಅಲ್ಲಿಗೆ ನಿಲ್ಲಿಸಿ.